ಬೊಕ್ಕಸದ ಬಾಗಿಲಿನ ಕೂಗು

“ಬುದ್ಧಿ, ಇಪ್ಪತ್ತು ವರ್ಷ ನಂಬಿದವನನ್ನು ಇಪ್ಪತ್ತೊಂದನೆಯ ವರ್ಷ ತಡವಿ ನೋಡಿದರೆ ಅದನ್ನು ನಂಬಿಕೆ ಎನ್ನಬಹುದೇ?”

ಕೇಳಿದವನು ಮರುಳಯ್ಯ. ಮಠದ ಉಗ್ರಾಣ ಅವನ ವಶದಲ್ಲಿತ್ತು. ಅಕ್ಕಿ, ಬೇಳೆ, ಬೆಲ್ಲ, ಎಣ್ಣೆ, ಭಕ್ತರು ತಂದೊಪ್ಪಿಸಿದ ಬೆಳ್ಳಿಯ ಬಟ್ಟಲು, ಎಲ್ಲದರ ಬೀಗದ ಕೈ ಅವನ ಸೊಂಟದಲ್ಲಿತ್ತು. ಹಿಂದಿನ ಸೋಮವಾರ ಊರಿನ ಹಿರಿಯರು ಸೇರಿ ಒಂದು ತೀರ್ಮಾನ ಮಾಡಿದ್ದರು. ಇನ್ನು ಮುಂದೆ ಸಂಜೆ ಉಗ್ರಾಣಕ್ಕೆ ಬೀಗ ಹಾಕುವಾಗ ಇಬ್ಬರು ಜೊತೆಗಿರಬೇಕು. ಒಳಗೆ ಎಷ್ಟು ಉಳಿದಿದೆ ಎನ್ನುವುದನ್ನು ಪ್ರಸಾದದ ಪಂಕ್ತಿಯ ಎದುರಿಗೆ ಓದಿ ಹೇಳಬೇಕು.

ಗುರುಗಳು, “ಏನಾದರೂ ಕಡಿಮೆ ಬಿದ್ದಿತ್ತೇ?” ಎಂದು ಕೇಳಿದರು.

“ಒಂದು ಹಿಡಿ ಸಾಸಿವೆಯೂ ಕಡಿಮೆ ಬಿದ್ದಿಲ್ಲ. ಅದೇ ನನಗೆ ಸಂಕಟ. ಬಿದ್ದಿದ್ದರೆ ಕೇಳಲಿ, ಒಪ್ಪುತ್ತೇನೆ. ನಿನ್ನೆ ಸಂಜೆ ಬೀಗ ಹಾಕುವಾಗ ಆ ರುದ್ರಮುನಿ ನನ್ನ ಚೀಲದೊಳಗೆ ಬಗ್ಗಿ ನೋಡಿದ. ಅವನ ತೊಟ್ಟಿಲಿಗೆ ಸಕ್ಕರೆ ಹಂಚಿದವನು ನಾನು. ನನಗೆ ದಣಿವಾಗಿದೆ ಬುದ್ಧಿ. ‘ಮರುಳಯ್ಯನೊಬ್ಬನನ್ನು ಬಿಟ್ಟುಬಿಡಿ’ ಎಂದು ತಾವು ಒಂದು ಮಾತು ಹೇಳಿದರೆ ಸಾಕು. ಹೇಳುವುದಿಲ್ಲ ಎಂದಾದರೆ ಈ ಉಗ್ರಾಣ ಬೇರೆ ಯಾರಿಗಾದರೂ ಕೊಡಿ.”

ಗುರುಗಳಿಗೂ ವಯಸ್ಸಾಗಿತ್ತು. ಇಂಥ ದೂರುಗಳನ್ನು ಅವರು ಬಹಳ ಕೇಳಿದ್ದರು.

“ಕುಳಿತುಕೋ,” ಎಂದರು. “ಒಬ್ಬ ಭಂಡಾರಿಯ ಕತೆ ಇದೆ. ಅದನ್ನು ಕೇಳು. ಆಮೇಲೂ ನಿನಗೆ ಬೇಕೆನಿಸಿದರೆ ಆ ಮಾತು ಹೇಳುತ್ತೇನೆ.”

ಮರುಳಯ್ಯ ಕುಳಿತ. ಗುರುಗಳು ಹೇಳತೊಡಗಿದರು.

ಒಂದು ಸಣ್ಣ ನಾಡಿತ್ತು. ಆ ನಾಡನ್ನು ಕಟ್ಟಿದ ಮೊದಲ ಅರಸನ ಕಾಲದಲ್ಲಿ ಬೊಕ್ಕಸವೆಂದು ಬೇರೆ ಮನೆ ಇರಲಿಲ್ಲ. ನಾಡಿನ ಹೊನ್ನು ಅರಸನ ಮಂಚದ ಕೆಳಗೆ ಒಂದು ಪೆಟ್ಟಿಗೆಯಲ್ಲಿತ್ತು. ಅರಸ ಕೆಟ್ಟವನಲ್ಲ. ಆದರೆ ಪೆಟ್ಟಿಗೆ ಮಂಚದ ಕೆಳಗಿದ್ದರೆ ನಾಡಿನದು ಯಾವುದು, ತನ್ನದು ಯಾವುದು ಎನ್ನುವುದು ಬೆಳಗಾಗುವಷ್ಟರಲ್ಲಿ ಮರೆತುಹೋಗುತ್ತದೆ. ಅವನು ತೀರಿಕೊಂಡಾಗ ಮೂವರು ಮಕ್ಕಳು ಆ ಪೆಟ್ಟಿಗೆಯನ್ನು ಹೊಲಮನೆಗಳ ಜೊತೆಗೆ ಪಾಲು ಹಾಕಿಕೊಂಡರು. ತಿಂಗಳು ತುಂಬಿ ಕಾವಲಿನವರು ಸಂಬಳ ಕೇಳಲು ಬಂದಾಗ ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ಹಿರಿಯವನು ತನ್ನ ಹೆಂಡತಿಯ ಒಡವೆ ಮಾರಿ ಸಂಬಳ ಕೊಟ್ಟ.

ಆ ಹಿರಿಯವನೇ ಎರಡನೆಯ ಅರಸನಾದ. ಒಡವೆ ಮಾರಿದ ನೋವು ಅವನಿಗೆ ನೆನಪಿತ್ತು. ಹೆಂಡತಿ ಮರೆಯಲು ಬಿಟ್ಟಿರಲಿಲ್ಲ. ಅವನು ಅರಮನೆಯ ಹೊರಗೆ, ಪೇಟೆ ಬೀದಿಯಲ್ಲಿ, ಒಂದು ಕಲ್ಲಿನ ಮನೆ ಕಟ್ಟಿಸಿದ. ಬಾಗಿಲು ಒಂದೇ. ಅದು ಬೀದಿಯ ಕಡೆಗೆ ತೆರೆಯುತ್ತಿತ್ತು. “ಅರಮನೆಯ ಒಳಗೇ ಕಟ್ಟಿಸಬಾರದಿತ್ತೇ?” ಎಂದು ಮಂತ್ರಿ ಕೇಳಿದ. “ಒಳಗಿದ್ದದ್ದು ಒಳಗಿನವರದೇ ಆಗುತ್ತದೆ,” ಎಂದ ಅರಸ. ಆ ಮನೆಗೆ ಬೊಕ್ಕಸವೆಂದು ಹೆಸರಾಯಿತು. ಅದನ್ನು ನೋಡಿಕೊಳ್ಳಲು ತನ್ನ ನೆಂಟನಲ್ಲದ ಒಬ್ಬನನ್ನು ಹುಡುಕಿ ನೇಮಿಸಿದ. ಅವನು ಮೊದಲ ಭಂಡಾರಿ.

ಭಂಡಾರಿಯ ಕೆಲಸ ಏನೆಂದು ಆಗಲೇ ಬರೆದಿಟ್ಟರು. ತೆರಿಗೆ ಎಷ್ಟು ಹಾಕಬೇಕು ಎನ್ನುವುದು ಅವನ ಕೆಲಸವಲ್ಲ. ಹೊನ್ನನ್ನು ಯಾವುದಕ್ಕೆ ಖರ್ಚು ಮಾಡಬೇಕು ಎನ್ನುವುದೂ ಅವನದಲ್ಲ. ಬಂದದ್ದನ್ನು ಪಡೆಯಬೇಕು, ಪಡೆದದ್ದನ್ನು ಕಾಯಬೇಕು, ಅರಸನ ಮುದ್ರೆಯಿರುವ ಓಲೆ ಬಂದರೆ ಓಲೆಯಲ್ಲಿದ್ದಷ್ಟನ್ನು ಕೊಡಬೇಕು. ಕೆರೆ ಕಟ್ಟಿಸಿದ ಕೀರ್ತಿ ಅರಸನಿಗೆ ಹೋಗುತ್ತದೆ. ತೆರಿಗೆಯ ಬೈಗುಳ ವಸೂಲಿಯವನಿಗೆ ಹೋಗುತ್ತದೆ. ಭಂಡಾರಿಗೆ ಎರಡೂ ಇಲ್ಲ. ಅವನ ಕೆಲಸ ಸರಿಯಾಗಿ ನಡೆದರೆ ಅವನೊಬ್ಬ ಇದ್ದಾನೆಂದೇ ಯಾರಿಗೂ ತಿಳಿಯುವುದಿಲ್ಲ.

ಮೊದಲ ಇಬ್ಬರು ಭಂಡಾರಿಗಳು ಹೀಗೆ ತಿಳಿಯದೆಯೇ ಬದುಕಿ ಹೋದರು. ಮೂರನೆಯವನು ಮಾತ್ರ ಸತ್ತ ಮೇಲೆ ತಿಳಿದ. ಅವನ ಹಳೆಯ ರುಮಾಲುಗಳನ್ನು ಒಗೆಯಲು ಕೊಂಡುಹೋದ ಅಗಸನಿಗೆ ಬಾನಿಯ ತಳದಲ್ಲಿ ಹೊಳಪು ಕಂಡಿತು. ಎಂಟು ವರ್ಷ, ದಿನಕ್ಕೊಂದು ಚಿಟಿಕೆ ಚಿನ್ನದ ಪುಡಿ ರುಮಾಲಿನ ಮಡಿಕೆಯಲ್ಲಿ ಹೊರಗೆ ಬಂದಿತ್ತು. ಅಗಸ ಅರಮನೆಗೆ ಬಂದು ಹೇಳಿದ. “ಬಟ್ಟೆ ಸುಳ್ಳು ಹೇಳುವುದಿಲ್ಲ, ಒಡೆಯಾ. ಅದಕ್ಕೇ ನಮ್ಮನ್ನು ಕಂಡರೆ ಎಲ್ಲರಿಗೂ ಹೆದರಿಕೆ,” ಎಂದ.

ಆಗ ಹೊಸ ಕಟ್ಟಳೆ ಬಂತು. ಸಂಜೆ ಬೊಕ್ಕಸದಿಂದ ಹೊರಗೆ ಬರುವ ಪ್ರತಿಯೊಬ್ಬರೂ ಬಾಗಿಲಿನಲ್ಲಿ ನಿಲ್ಲಬೇಕು. ರುಮಾಲು ಬಿಚ್ಚಿ ಕೊಡವಬೇಕು. ತೋಳೆತ್ತಬೇಕು. ಬಾಯಿ ತೆರೆಯಬೇಕು. ಬಾಗಿಲವನು ಮೈ ತಡವಿ ನೋಡಬೇಕು. ನೋಡಿದ ಮೇಲೆ ಅವನು ಬೀದಿಯ ಕಡೆಗೆ ತಿರುಗಿ, ಹೊರಗೆ ಬಂದವರ ಹೆಸರು ಹೇಳಿ, “ಬರಿಗೈ!” ಎಂದು ಪೇಟೆಗೆಲ್ಲ ಕೇಳುವಂತೆ ಕೂಗಬೇಕು. ಹೆಂಗಸಾದರೆ ಬಾಗಿಲವನ ಹೆಂಡತಿ ಮರೆಯಲ್ಲಿ ನೋಡಿ ಹೇಳಬೇಕು, ಬಾಗಿಲವನು ಕೂಗಬೇಕು. ಬಾಗಿಲವನ ಮನೆತನದವರು ಎಂದೂ ಬೊಕ್ಕಸದ ಹೊಸ್ತಿಲು ದಾಟಿ ಒಳಗೆ ಹೋಗಬಾರದು. ಅವರಿಗೆ ಒಳಗೆ ಏನಿದೆ ಎಂದು ಗೊತ್ತಿರಲಿಲ್ಲ. ಹೊರಗೆ ಏನು ಬರಲಿಲ್ಲ ಎನ್ನುವುದಷ್ಟೇ ಗೊತ್ತಿತ್ತು.

ಪೇಟೆಯವರಿಗೆ ಈ ಕೂಗು ಅಭ್ಯಾಸವಾಯಿತು. ಅದನ್ನು ಕೇಳಿ ಅಂಗಡಿ ಮುಚ್ಚುತ್ತಿದ್ದರು. ಕೂಗಿನ ಹಿಂದಿನ ಕಾರಣವನ್ನು ನಿಧಾನವಾಗಿ ಮರೆತರು.

ಹೀಗೆ ಏಳು ಭಂಡಾರಿಗಳು ಆಗಿಹೋದರು. ನಮ್ಮ ಕತೆಯವನು ಎಂಟನೆಯವನು.

ಅವನು ಮೂವತ್ತನೆಯ ವಯಸ್ಸಿನಲ್ಲಿ ಕೆಲಸಕ್ಕೆ ಸೇರಿದ. ಪ್ರಾಮಾಣಿಕ. ಇದನ್ನು ನಾನು ಎರಡು ಸಲ ಹೇಳುವುದಿಲ್ಲ, ನೆನಪಿಟ್ಟುಕೋ. ಬೊಕ್ಕಸದ ದೀಪದ ಬೆಳಕಿನಲ್ಲಿ ತನ್ನ ಮನೆಯ ಕಾಗದ ಓದಿಕೊಂಡವನಲ್ಲ. ಎರಡು ಅಂಕಣದ ಮನೆ, ಹೆಂಡತಿ, ಒಬ್ಬಳು ಮಗಳು. ನೆಂಟರು ಬಂದರೆ ಹೆಂಡತಿ ಪಕ್ಕದ ಮನೆಯಿಂದ ತುಪ್ಪ ಕಡ ತರುತ್ತಿದ್ದಳು. ಪಕ್ಕದ ಮನೆಯವಳು ಕೊಡುತ್ತಿದ್ದಳು, ಕೊಡುವಾಗ, “ಊರ ಹೊನ್ನೆಲ್ಲ ನಿಮ್ಮೆಜಮಾನರ ಕೈಲಿದೆ ತಾಯಿ, ತುಪ್ಪ ಮಾತ್ರ ನಮ್ಮ ಕೈಲಿದೆ,” ಎನ್ನುತ್ತಿದ್ದಳು. 

ಇಪ್ಪತ್ತೆರಡು ವರ್ಷ ಅವನು ಪ್ರತಿ ಸಂಜೆ ರುಮಾಲು ಬಿಚ್ಚಿ ಕೊಡವಿದ, ತೋಳೆತ್ತಿದ, ಬಾಯಿ ತೆರೆದ. ಪ್ರತಿ ಸಂಜೆ ಬಾಗಿಲವನು ಅವನ ಹೆಸರು ಹೇಳಿ, “ಬರಿಗೈ!” ಎಂದು ಕೂಗಿದ. ಮೊದಮೊದಲು ಅವನಿಗೆ ಏನೂ ಅನ್ನಿಸುತ್ತಿರಲಿಲ್ಲ. ನಲವತ್ತು ದಾಟಿದ ಮೇಲೆ ಬೇಸರವಾಗತೊಡಗಿತು. ಐವತ್ತು ದಾಟಿದ ಮೇಲೆ ಎತ್ತಿದ ತೋಳು ನೋಯತೊಡಗಿತು. ಅವನ ಜೊತೆಯವರೆಲ್ಲ ಆ ಹೊತ್ತಿಗೆ ಪೇಟೆಯಲ್ಲಿ ಹಿರಿಯರಾಗಿದ್ದರು. ಅವರು ಬಂದರೆ ಜನ ಎದ್ದು ನಿಲ್ಲುತ್ತಿದ್ದರು. ಇವನು ದಿನಕ್ಕೊಮ್ಮೆ ಬೀದಿಯ ಎದುರಿಗೆ ಬರಿತಲೆಯಲ್ಲಿ ನಿಲ್ಲುತ್ತಿದ್ದ.

ಮಗಳಿಗೆ ಪರಸ್ಥಳದ ಒಂದು ಸಂಬಂಧ ಬಂತು. ಬೀಗರಾಗಬೇಕಾದವರು ಹೆಣ್ಣು ನೋಡಲು ಬಂದರು. ಹೇಳಿದ್ದಕ್ಕಿಂತ ಬೇಗ ಬಂದರು. ಪೇಟೆ ಬೀದಿಯಲ್ಲಿ ಗಾಡಿ ನಿಲ್ಲಿಸಿ ಭಂಡಾರಿಯ ಮನೆ ಎಲ್ಲಿ ಎಂದು ಕೇಳಿದರು. ಬಳೆ ಅಂಗಡಿಯವನು, “ಮನೆ ಆಮೇಲೆ ನೋಡೀರಂತೆ, ಭಂಡಾರಿ ಇಲ್ಲೇ ಇದ್ದಾರೆ,” ಎಂದು ಬೊಕ್ಕಸದ ಬಾಗಿಲು ತೋರಿಸಿದ.

ಭಂಡಾರಿ ತೋಳೆತ್ತಿ, ಬಾಯಿ ತೆರೆದು ನಿಂತಿದ್ದ. ಬಾಗಿಲವನು ಅವನ ಬಾಯೊಳಗೆ ನೋಡುತ್ತಿದ್ದ.

ಬೀಗರ ಪೈಕಿ ಒಬ್ಬ ಮುದುಕ ಗಾಡಿಯಿಂದಲೇ, “ನಮ್ಮ ಕಡೆ ಎತ್ತು ಕೊಳ್ಳುವಾಗ ಹೀಗೆ ನೋಡುತ್ತೇವೆ. ಹಲ್ಲು ಎಷ್ಟಿವೆಯಂತೆ?” ಎಂದ. ಗಾಡಿಯಲ್ಲಿದ್ದವರು ನಕ್ಕರು. ಪೇಟೆಯವರೂ ನಕ್ಕರು. ಅದು ಕೆಟ್ಟ ನಗುವಲ್ಲ. ಮದುವೆಯೂ ನಿಲ್ಲಲಿಲ್ಲ. ಆದರೆ ಭಂಡಾರಿ ಅಂದು ಮನೆಗೆ ಬಂದು ಬೀಗರಿಗೆ ಎಲೆ ಹಾಕಿಸಿದ, ತಾನು ಮಾತ್ರ ಊಟಕ್ಕೆ ಕೂರಲಿಲ್ಲ.

ಮದುವೆ ಮುಗಿದ ಮೇಲೆ ಅವನು ಅರಸನ ಬಳಿಗೆ ಹೋದ. ಅರಸ ಆಗ ಚಿಕ್ಕ ಪ್ರಾಯದವನು.

“ಇಪ್ಪತ್ತೆರಡು ವರ್ಷವಾಯಿತು. ತಮ್ಮ ತಂದೆಯ ಕಾಲದಿಂದ ಇದ್ದೇನೆ,” ಎಂದ ಭಂಡಾರಿ. “ಒಂದು ಚಿಟಿಕೆ ಹೆಚ್ಚುಕಡಿಮೆಯಾಗಿಲ್ಲ. ನನ್ನ ಮೇಲೆ ಇನ್ನೂ ನಂಬಿಕೆ ಬಂದಿಲ್ಲವೇ?”

ಅರಸನಿಗೆ ನಾಚಿಕೆಯಾಯಿತು. “ಇದನ್ನು ನೀವು ಕೇಳುವವರೆಗೆ ನಮಗೆ ತಿಳಿಯಲಿಲ್ಲವಲ್ಲ,” ಎಂದ. ಮಾರನೆಯ ದಿನವೇ ಸಭೆ ಕರೆದು ಭಂಡಾರಿಗೆ ಶಾಲು ಹೊದಿಸಿದ. ಇನ್ನು ಮುಂದೆ ಇವರ ಮೈಮೇಲೆ ಯಾರೂ ಕೈ ಇಡಬಾರದು ಎಂದು ಆಜ್ಞೆ ಮಾಡಿದ. ಸಭೆ ಸಂತೋಷಪಟ್ಟಿತು. ಅರಸನಿಗೆ ಒಳ್ಳೆಯ ಕೆಲಸ ಮಾಡಿದ ಸಮಾಧಾನವಾಯಿತು.

ಇಲ್ಲಿ ಮರುಳಯ್ಯ ಬಾಯಿ ಹಾಕಿದ. “ಅದೇ ಬುದ್ಧಿ! ನಾನು ಕೇಳುತ್ತಿರುವುದೂ ಅಷ್ಟೇ. ಶಾಲು ಕೂಡ ಬೇಡ.”

“ಶಾಲು ನನ್ನ ಹತ್ತಿರವೂ ಇಲ್ಲ,” ಎಂದರು ಗುರುಗಳು. “ಮುಂದೆ ಕೇಳು.”

ಅಂದು ಸಂಜೆ ಭಂಡಾರಿ ರುಮಾಲು ಬಿಚ್ಚದೆ ಹೊರಗೆ ಬಂದ. ಬಾಗಿಲವನು ಪಕ್ಕಕ್ಕೆ ಸರಿದು ನಿಂತು ಕೈ ಮುಗಿದ. ಅವನೂ ಇಪ್ಪತ್ತೆರಡು ವರ್ಷದಿಂದ ಆ ಬಾಗಿಲಿನಲ್ಲಿದ್ದವನೇ.

“ಸ್ವಾಮಿ,” ಎಂದ ಬಾಗಿಲವನು, “ನಿಮ್ಮ ಹೆಸರು ಕೂಗದೆ ನನಗೆ ರಾತ್ರಿ ಊಟ ರುಚಿಸಿದ್ದಿಲ್ಲ. ತಡವುವುದು ಬೇಡ, ಆಜ್ಞೆ ಆಗಿದೆ. ಸುಮ್ಮನೆ ಒಂದು ಸಲ ಕೂಗಿಬಿಡಲೇ?”

ಭಂಡಾರಿ ತಲೆಯಾಡಿಸಿದ. “ಬೇಡಪ್ಪ. ನೋಡದೆ ಕೂಗಿದರೆ ಸುಳ್ಳು ಕೂಗಿದ ಹಾಗಾಗುತ್ತದೆ.”

ಅವನು ಅಂಥವನು. ಅವನ ಹೆಸರಿನ ಕೂಗು ನಿಂತಿತು, ಉಳಿದವರದು ಎಂದಿನಂತೆ ನಡೆಯಿತು.

ಆ ದಿನಗಳು ಅವನಿಗೆ ಹಗುರವಾಗಿದ್ದವು. ಹೊರಗೆ ಬಂದು, ಚಪ್ಪಲಿ ಮೆಟ್ಟಿ, ಬೀದಿಯಲ್ಲಿ ನಾಲ್ಕು ಜನರ ಹಾಗೆ ನಡೆದು ಮನೆಗೆ ಹೋಗುತ್ತಿದ್ದ. ಬಳೆ ಅಂಗಡಿಯವನು ಎದ್ದು ನಿಲ್ಲುವುದನ್ನು ಕಲಿತ. ಹೆಂಡತಿಗೂ ಸಂತೋಷವಾಯಿತು. “ಇಷ್ಟು ವರ್ಷಕ್ಕೆ ನಿಮ್ಮನ್ನು ಮನುಷ್ಯರೆಂದು ಲೆಕ್ಕಕ್ಕೆ ಹಿಡಿದರಲ್ಲ,” ಎಂದಳು. ಹೀಗೆ ಮೂರು ವರ್ಷ ಕಳೆಯಿತು.

ಆ ಬೊಕ್ಕಸದಲ್ಲಿ ಹೊನ್ನಿನ ಜೊತೆಗೆ ಇನ್ನೊಂದು ವಸ್ತುವಿತ್ತು. ಅದು ನಾಡಿನ ಮೂಲ ತೂಕ. ನೆಲ್ಲಿಕಾಯಿ ಗಾತ್ರದ ಚಿನ್ನದ ಗುಂಡು. ಯುಗಾದಿಯ ಮಾರನೆಯ ದಿನ ಪೇಟೆಯ ವರ್ತಕರೆಲ್ಲ ತಮ್ಮ ತಮ್ಮ ತೂಕದ ಗುಂಡುಗಳನ್ನು ಬೊಕ್ಕಸದ ಬಾಗಿಲಿಗೆ ತರುತ್ತಿದ್ದರು. ಭಂಡಾರಿ ಮೂಲ ತೂಕವನ್ನು ಹೊರಗೆ ತಂದು, ತಕ್ಕಡಿಯ ಒಂದು ತಟ್ಟೆಯಲ್ಲಿ ಅದನ್ನಿಟ್ಟು, ಇನ್ನೊಂದರಲ್ಲಿ ಅವರದನ್ನಿಟ್ಟು, ಸರಿಯಿದ್ದರೆ ಮುದ್ರೆ ಹಾಕುತ್ತಿದ್ದ. ಉಳಿದ ದಿನಗಳಲ್ಲಿ ಅದು ಬಟ್ಟೆ ಸುತ್ತಿ ಒಂದು ಪುಟ್ಟ ಕರಂಡಕದಲ್ಲಿರುತ್ತಿತ್ತು, ಯಾರೂ ತೆರೆದು ನೋಡುತ್ತಿರಲಿಲ್ಲ. ಹೊನ್ನು ಬರುತ್ತದೆ, ಹೋಗುತ್ತದೆ. ಆ ಗುಂಡು ಮಾತ್ರ ಎರಡನೆಯ ಅರಸನ ಕಾಲದಿಂದ ಅಲ್ಲಿಯೇ ಇತ್ತು.

ತಪಾಸಣೆ ಬಿಟ್ಟ ಮೇಲಿನ ನಾಲ್ಕನೆಯ ಯುಗಾದಿಗೆ ಭಂಡಾರಿ ಆ ಕರಂಡಕವನ್ನು ಹೊರಗೆ ತಂದು, ವರ್ತಕರ ಎದುರಿಗೆ ಮುಚ್ಚಳ ತೆಗೆದ. ಒಳಗೆ ಸುತ್ತಿದ ಬಟ್ಟೆಯಿತ್ತು. ಬಟ್ಟೆಯೊಳಗೆ ಏನೂ ಇರಲಿಲ್ಲ.

ಅವನು ಬಟ್ಟೆಯನ್ನು ಕೊಡವಿದ. ಇನ್ನೊಮ್ಮೆ ಕೊಡವಿದ. ವರ್ತಕರು ನೋಡುತ್ತಿದ್ದರು.

ಅರಸನಿಗೆ ಸುದ್ದಿ ಹೋಯಿತು. ಅರಸ ಬಂದ. ಬೊಕ್ಕಸದ ಮೂಲೆ ಮೂಲೆಯನ್ನೂ ಹುಡುಕಿಸಿದ. ನೆಲದ ಕಲ್ಲು ಎತ್ತಿಸಿದ. ಗುಂಡು ಸಿಗಲಿಲ್ಲ. ಆಗ ಬೀದಿಯಲ್ಲಿಯೇ ವಿಚಾರಣೆ ನಡೆಯಿತು. ಬೊಕ್ಕಸದ ಒಳಗೆ ಹೋಗುವವರು ಐದೇ ಜನ. ಲೆಕ್ಕ ಬರೆಯುವ ಕರಣಿಕ, ಎಣಿಸುವವರು ಇಬ್ಬರು, ಕಸ ಗುಡಿಸುವ ಹೆಂಗಸು, ಭಂಡಾರಿ.

ಮೊದಲು ಕರಣಿಕನನ್ನು ನಿಲ್ಲಿಸಿದರು. ಅವನು ಮಾತನಾಡುವ ಮೊದಲೇ ಎಣ್ಣೆ ಅಂಗಡಿಯವನು, “ಇವರ ಹೆಸರಿನ ಕೂಗು ದಿನಾ ಕೇಳಿದ್ದೇನೆ, ಒಡೆಯಾ. ಒಂದು ದಿನವೂ ತಪ್ಪಿಲ್ಲ,” ಎಂದ. ಬಾಗಿಲವನು, “ನಾನು ನೋಡಿದ್ದೇನೆ, ಬರಿಗೈ,” ಎಂದ. ಕರಣಿಕ ಪಕ್ಕಕ್ಕೆ ಹೋದ.

ಎಣಿಸುವವರು ಬಂದರು. ಬಳೆ ಅಂಗಡಿಯವನು ಅವರ ಪರವಾಗಿ ಹೇಳಿದ. ಬಾಗಿಲವನೂ ಹೇಳಿದ. ಅವರೂ ಪಕ್ಕಕ್ಕೆ ಹೋದರು.

ಕಸ ಗುಡಿಸುವವಳು ಅಳುತ್ತಿದ್ದಳು. ಬಡವಿ, ಗಂಡನಿಲ್ಲದವಳು. ಬೇರೆ ಊರಾಗಿದ್ದರೆ ಎಲ್ಲರ ಬೆರಳೂ ಅವಳ ಕಡೆಗೇ ತಿರುಗುತ್ತಿದ್ದವು. ಬಾಗಿಲವನ ಹೆಂಡತಿ ಮುಂದೆ ಬಂದು, “ಅಳಬೇಡ ಸುಮ್ಮನಿರೇ. ಮುನ್ನೂರ ಅರವತ್ತು ದಿನ ನಿನ್ನ ಸೆರಗು ಕೊಡವಿದ್ದೇನೆ. ಅದರಲ್ಲಿದ್ದದ್ದು ಹರಕು ಒಂದೇ,” ಎಂದಳು. ಪೇಟೆಯ ಹೆಂಗಸರು ಹೌದೆಂದರು. ಅವಳೂ ಕಣ್ಣೊರೆಸಿಕೊಂಡು ಪಕ್ಕಕ್ಕೆ ಹೋದಳು.

ಉಳಿದವನು ಒಬ್ಬನೇ.

ಭಂಡಾರಿ ತಾನಾಗಿಯೇ ಮುಂದೆ ಬಂದು ನಿಂತ. “ನನ್ನನ್ನೂ ವಿಚಾರಿಸಿ,” ಎಂದ.

ಅರಸ, “ನಿಮ್ಮ ವಿಚಾರಣೆ ಬೇಡ. ನಿಮ್ಮ ಮೇಲೆ ನಮಗೆ ಅನುಮಾನವಿಲ್ಲ,” ಎಂದ.

“ಛೆ ಛೆ, ಎಲ್ಲಾದರೂ ಉಂಟೇ!” ಎಂದರು ವರ್ತಕರು. ಹಾಗೆ ಹೇಳಿದವರು ನೆಲ ನೋಡುತ್ತಿದ್ದರು.

ಭಂಡಾರಿ ಬಾಗಿಲವನ ಕಡೆಗೆ ತಿರುಗಿದ. “ನೀನಾದರೂ ಹೇಳಪ್ಪ,” ಎಂದ.

ಬಾಗಿಲವನಿಗೆ ಅವನ ಮೇಲೆ ಪ್ರೀತಿಯಿತ್ತು. ಸುಳ್ಳು ಹೇಳಲು ಅವನಿಗೆ ಬರುತ್ತಿರಲಿಲ್ಲ. ಅವನು ಕೈ ಮುಗಿದು, “ನೋಡಿದ್ದರೆ ಹೇಳುತ್ತಿದ್ದೆ, ಸ್ವಾಮಿ. ಮೂರು ವರ್ಷದಿಂದ ನಾನು ನಿಮ್ಮನ್ನು ನೋಡಿಲ್ಲ,” ಎಂದ.

ವಿಚಾರಣೆ ಮುಗಿಯಿತು. ಜನ ಒಬ್ಬೊಬ್ಬರಾಗಿ ಮನೆಗೆ ಹೋದರು.

ಭಂಡಾರಿ ಅರಸನ ಆಳುಗಳನ್ನು ತಾನೇ ಕರೆದುಕೊಂಡು ಹೋಗಿ ತನ್ನ ಮನೆ ತೋರಿಸಿದ. ಅಟ್ಟ, ಹಗೇವು, ಒಲೆಯ ಬೂದಿ, ದೇವರ ಪೆಟ್ಟಿಗೆ, ಎಲ್ಲವನ್ನೂ ತೆರೆದ. ಏನೂ ಸಿಗಲಿಲ್ಲ. ಸಿಗದೆ ಇದ್ದದ್ದರಿಂದ ಏನೂ ಆಗಲಿಲ್ಲ. ಒಂದು ವರ್ಷದೊಳಗೆ ಯಾವಾಗಲೋ ಹೋದ ವಸ್ತುವನ್ನು ಇಂದಿನವರೆಗೆ ಮನೆಯಲ್ಲಿ ಯಾರು ಇಟ್ಟುಕೊಳ್ಳುತ್ತಾರೆ? ಹೀಗೆಂದು ಯಾರೂ ಹೇಳಲಿಲ್ಲ. ಅವನಿಗೇ ಹಾಗೆ ಕೇಳಿಸಿತು.

ಮೂಲ ತೂಕ ಹೋದದ್ದು ಹೇಗೆ ಎಂದು ಕೊನೆಗೂ ತಿಳಿಯಲಿಲ್ಲ. ಹಳೆಯ ತೂಕಗಳನ್ನು ಹೋಲಿಸಿ ಅರಸ ಇನ್ನೊಂದು ಗುಂಡು ಮಾಡಿಸಿದ. ಪೇಟೆ ಎಂದಿನಂತೆ ನಡೆಯಿತು. ಭಂಡಾರಿಯ ಕೆಲಸವೂ ನಡೆಯಿತು. ಅವನನ್ನು ಯಾರೂ ಬಿಡಿಸಲಿಲ್ಲ, ಯಾರೂ ಒಂದು ಮಾತು ಅನ್ನಲಿಲ್ಲ. ಜನ ಮೊದಲಿಗಿಂತ ಹೆಚ್ಚು ಮರ್ಯಾದೆ ಕೊಟ್ಟರು. ಮೊದಲು ಬದನೆಕಾಯಿ ಮಾರುವವಳು ಅವನ ಜೊತೆ ಒಂದು ಕಾಸಿಗೆ ಜಗಳವಾಡುತ್ತಿದ್ದಳು. “ಬೊಕ್ಕಸವನ್ನೇ ಮಾರಿದ ಹಾಗೆ ಆಡ್ತೀರಲ್ಲ ಯಜಮಾನರೇ, ತಗೊಳ್ಳಿ,” ಎಂದು ಒಂದು ಕಾಯಿ ಹೆಚ್ಚಿಗೆ ಹಾಕುತ್ತಿದ್ದಳು. ಈಗ ಅವನು ಹೇಳಿದ ಬೆಲೆಗೆ ಸುಮ್ಮನೆ ತೂಗಿ ಕೊಡುತ್ತಿದ್ದಳು. ಬೈದಿದ್ದರೆ ಅವನು ಉತ್ತರ ಕೊಡಬಹುದಿತ್ತು. ಮರ್ಯಾದೆಗೆ ಏನೆಂದು ಉತ್ತರ ಕೊಡುವುದು?

ಒಂದು ಸಂಜೆ ಅವನು ಬಾಗಿಲವನ ಮುಂದೆ ನಿಂತು ರುಮಾಲು ಬಿಚ್ಚಿದ. “ನೋಡು,” ಎಂದ.

“ಆಜ್ಞೆ ಇದೆ, ಸ್ವಾಮಿ. ನಿಮ್ಮ ಮೈ ಮುಟ್ಟಿದರೆ ನನ್ನ ಕೆಲಸ ಹೋಗುತ್ತದೆ,” ಎಂದ ಬಾಗಿಲವನು. “ನೋಡಿ ಕೂಗಿದರೂ ಅದು ಇವತ್ತಿನ ಕೂಗಾದೀತು. ಆ ವರ್ಷದ್ದಾಗುವುದಿಲ್ಲ.”

ಭಂಡಾರಿ ರುಮಾಲು ಸುತ್ತಿಕೊಂಡು ಮನೆಗೆ ಹೋದ.

ಹೆಂಡತಿ ಈ ವಿಷಯವಾಗಿ ಅದುವರೆಗೆ ಅವನನ್ನು ಏನೂ ಕೇಳಿರಲಿಲ್ಲ. ಊರಿನವರ ಎದುರಿಗೆ ತಲೆಯೆತ್ತಿಯೇ ಓಡಾಡಿದ್ದಳು. ನೀರಿಗೆ ಹೋದಲ್ಲಿ ಒಬ್ಬಳು ಏನೋ ಗೊಣಗಿದಾಗ ಕೊಡ ಕೆಳಗಿಟ್ಟು ಜಗಳವಾಡಿ ಬಂದಿದ್ದಳು. ಅಂದು ಅವನಿಗೆ ಸಾರು ಬಡಿಸುತ್ತಾ, ಅವನ ಮುಖ ನೋಡದೆ, ಬಹಳ ಮೆಲ್ಲಗೆ ಕೇಳಿದಳು:

“ತೆಗೆದು ಎಲ್ಲಾದರೂ ಇಟ್ಟು ಮರೆತಿದ್ದೀರೇನು?”

ಭಂಡಾರಿ ಕಲಸಿದ ಅನ್ನದ ಕೈಯನ್ನು ಹಾಗೆಯೇ ಹಿಡಿದು ಕುಳಿತ. ಅವಳು ತಕ್ಷಣ, “ಸುಮ್ಮನೆ ಕೇಳಿದೆ,” ಎಂದಳು. ಸೌಟನ್ನು ಪಾತ್ರೆಯೊಳಗೆ ಇಟ್ಟು ಒಳಗೆ ಹೋದಳು. ಅವಳದು ಕೆಟ್ಟ ಮಾತಲ್ಲ. ಅವನು ಹೌದೆಂದಿದ್ದರೂ ಅವಳು ಅವನನ್ನು ಬಿಟ್ಟುಕೊಡುತ್ತಿರಲಿಲ್ಲ. ಅವನಿಗೆ ತಡೆಯಲಾಗದೆ ಹೋದದ್ದು ಅದೇ.

ಮಾರನೆಯ ದಿನ ಅವನು ಅರಸನ ಬಳಿಗೆ ಹೋಗಿ ಕೆಲಸ ಬಿಟ್ಟ. ಅರಸ ಬೇಡವೆಂದ. ಬಹಳ ಒತ್ತಾಯವನ್ನೇನೂ ಮಾಡಲಿಲ್ಲ. ಇಪ್ಪತ್ತೈದು ವರ್ಷದ ಸೇವೆಗೆ ಏನು ಬೇಕು, ಭೂಮಿಯೋ ಮನೆಯೋ, ಕೇಳಿ ಎಂದ.

“ಒಂದು ಕಟ್ಟಳೆ ಬರೆಸಿಕೊಡಿ,” ಎಂದ ಭಂಡಾರಿ. “ಬೊಕ್ಕಸದಿಂದ ಹೊರಗೆ ಬರುವ ಯಾರಿಗೂ, ಎಷ್ಟು ವರ್ಷವಾಗಿದ್ದರೂ, ಎಷ್ಟು ಒಳ್ಳೆಯವನಾಗಿದ್ದರೂ, ತಪಾಸಣೆ ಬಿಡಬಾರದು. ಅವನೇ ಬೇಡಿಕೊಂಡರೂ ಬಿಡಬಾರದು.”

“ನಾವು ಒಳಗೆ ಹೋಗಿ ಬಂದರೆ?” ಎಂದು ಅರಸ ನಗುತ್ತಾ ಕೇಳಿದ.

“ತಾವೂ ತೋಳೆತ್ತಬೇಕು.”

ಅರಸ ನಗು ನಿಲ್ಲಿಸಿದ. ಓಲೆ ತರಿಸಿ ಬರೆಸಿಕೊಟ್ಟ. ಆ ಬರಹವನ್ನು ಕಲ್ಲಿನಲ್ಲಿ ಕೆತ್ತಿಸಿ ಬೊಕ್ಕಸದ ಬಾಗಿಲ ಪಕ್ಕದಲ್ಲಿ ನಿಲ್ಲಿಸಿದರು. ಭಂಡಾರಿ ಹೆಂಡತಿಯನ್ನು ಕರೆದುಕೊಂಡು ಮಗಳ ಊರಿನ ಕಡೆಗೆ ಹೋದ. ಅಲ್ಲಿ ಏಳೆಂಟು ವರ್ಷ ಬದುಕಿದ. ಯಾರೂ ಅವನನ್ನು ಕಳ್ಳನೆನ್ನಲಿಲ್ಲ.

ಅವನ ನಂತರ ಎಷ್ಟೋ ಭಂಡಾರಿಗಳು ಬಂದರು. ಎಲ್ಲರೂ ತೋಳೆತ್ತಿದರು. ಒಮ್ಮೆ ಒಬ್ಬ ಅರಸನೂ ಎತ್ತಿದನಂತೆ. ಬೀದಿಗೆ ಬೀದಿಯೇ ಸೇರಿ ಆ ಕೂಗು ಕೇಳಿ ಸಂತೋಷಪಟ್ಟಿತಂತೆ. ಆ ಕಟ್ಟಳೆಯಿಂದ ಎಷ್ಟು ಜನರ ಹೆಸರು ಉಳಿಯಿತೋ ಎಣಿಸಿದವರಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಕಸ ಗುಡಿಸುವವರದು ಉಳಿಯಿತು.

ಆ ಕಲ್ಲು ಈಗಲೂ ಇದೆ ಎನ್ನುತ್ತಾರೆ. ಅಲ್ಲಿನ ಜನ ಅದಕ್ಕೆ ಒಂದು ಹೆಸರಿಟ್ಟಿದ್ದಾರೆ. ‘ಕಳ್ಳ ಭಂಡಾರಿಯ ಕಲ್ಲು’ ಎನ್ನುತ್ತಾರೆ. ಯಾಕೆ ಹಾಗೆನ್ನುತ್ತೀರಿ ಎಂದು ಕೇಳಿದರೆ ಅವರಿಗೆ ಕೋಪವೇನೂ ಇಲ್ಲ. “ಇಲಿ ನುಗ್ಗಿದ ಬಿಲ ಇಲಿಗೇ ತಾನೇ ಗೊತ್ತಿರುವುದು? ಗೊತ್ತಿದ್ದವನೇ ಮುಚ್ಚಿಸಿ ಹೋದ, ಪುಣ್ಯಾತ್ಮ,” ಎನ್ನುತ್ತಾರೆ.

ಗುರುಗಳು ಕತೆ ನಿಲ್ಲಿಸಿದರು.

ಮರುಳಯ್ಯನ ಮುಖದಲ್ಲಿ ಬಂದಾಗ ಇದ್ದ ಬಿಗುವು ಇರಲಿಲ್ಲ. ಏನನ್ನೋ ಕೇಳಲು ಹೊರಟು ಎರಡು ಸಲ ತಡೆದುಕೊಂಡ. ಮೂರನೆಯ ಸಲ ತಡೆಯಲಾಗಲಿಲ್ಲ.

“ಬುದ್ಧಿ, ತಪ್ಪು ತಿಳಿಯಬೇಡಿ,” ಎಂದ. “ಆ ಗುಂಡನ್ನು ಅವನು ನಿಜವಾಗಿಯೂ ತೆಗೆದಿರಲಿಲ್ಲ, ಅಲ್ಲವೇ?”

ಗುರುಗಳು ಅವನನ್ನೇ ನೋಡಿದರು.

“ಮೊದಲಿನಿಂದ ಕೊನೆಯವರೆಗೆ ಅವನ ಪಕ್ಕದಲ್ಲೇ ನಿಂತು ನೋಡಿದ ಹಾಗೆ ಕೇಳಿದವನು ನೀನು, ನಿನಗೂ ಆ ಪ್ರಶ್ನೆ ಬಂತಲ್ಲ, ಮರುಳಯ್ಯ.”